ಕೆಂಪು ಚುಕ್ಕೆಯ ಪುಶ್ ರಾಡುಗಳು

ಅವರ ಹನ್ನೊಂದನೆಯ ದಿನದ ಊಟಕ್ಕೆ ಹೋಗಿದ್ದೆ. ಎಲೆಗೆ ಬಿದ್ದ ವಡೆಯ ತೂತು ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿತ್ತು. ಪಂಕ್ತಿಯಲ್ಲಿ ಕೂತಿದ್ದ, ಅವರನ್ನು ಚೆನ್ನಾಗಿ ಬಲ್ಲ ನಾವು ನಾಲ್ಕಾರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವರಿದ್ದಿದ್ದರೆ ಆ ವಡೆ ಅಡುಗೆಮನೆಗೆ ವಾಪಸಾಗುತ್ತಿತ್ತು, ಅದರ ಹಿಂದೆಯೇ ಅಡುಗೆಯವರಿಗೆ ಒಂದು ಸಣ್ಣ ಪಾಠವೂ ಹೋಗುತ್ತಿತ್ತು. ಈಗ ಫೋಟೋದೊಳಗೆ ಹಾರ ಹಾಕಿಸಿಕೊಂಡು ಕೂತು, ಜೀವಮಾನದಲ್ಲಿ ಮೊದಲ ಸಲ ಒಂದು ಸಮಾರಂಭವನ್ನು ಅದರ ಪಾಡಿಗೆ ನಡೆಯಲು ಬಿಟ್ಟಿದ್ದರು. ನಗುತ್ತಲೇ ನಾನು ಆ ವಡೆ ತಿಂದೆ.

ಹೆಸರು ಬರೆಯುವುದಿಲ್ಲ. ತಮ್ಮ ಬಗ್ಗೆ ಯಾರಾದರೂ ಬರೆದದ್ದನ್ನು ಅವರು ಪಾಸು ಮಾಡುತ್ತಿದ್ದರು ಅನ್ನುವ ನಂಬಿಕೆ ನನಗಿಲ್ಲ. ನಾನು ಅವರನ್ನು ಅಂಕಲ್ ಅನ್ನುತ್ತಿದ್ದೆ, ಅವರ ಹೆಂಡತಿಯನ್ನು ಆಂಟಿ. ಇಲ್ಲೂ ಹಾಗೇ ಇರಲಿ.

ತೊಂಬತ್ತರ ದಶಕ ಮುಗಿಯುತ್ತಿದ್ದ ಹೊತ್ತಿನಲ್ಲಿ ನಾನು ಮತ್ತು ನನ್ನ ಗಂಡ ಗದಗಿನ ಕಡೆಯಿಂದ ಬಂದು ಜೆ.ಪಿ. ನಗರದಲ್ಲಿ ಮನೆ ಹುಡುಕುತ್ತಿದ್ದೆವು. ಇವರ ಮಹಡಿ ಖಾಲಿ ಇತ್ತು. ನಾವು ಮನೆ ನೋಡಲು ಹೋದೆವು, ಅವರು ನಮ್ಮನ್ನು ನೋಡಿದರು. ನನ್ನ ಗಂಡನ ಚಪ್ಪಲಿಯನ್ನು ತಿರುಗಿಸಿ, ಎಡಗಾಲಿನ ಹಿಮ್ಮಡಿ ಒಂದೇ ಕಡೆ ಸವೆದಿರುವುದನ್ನು ಗುರುತಿಸಿ, ಈ ನಡಿಗೆಯಲ್ಲಿ ಮಹಡಿ ಮೆಟ್ಟಿಲು ಹತ್ತಿದರೆ ಕೆಳಗೆ ಮಲಗಿದವರಿಗೆ ಸದ್ದು ಕೇಳಿಸುತ್ತದೆ ಎಂದರು. ಬಾಗಿಲನ್ನು ನನ್ನ ಕೈಯಲ್ಲಿ ಹಾಕಿಸಿ ತೆಗೆಸಿ ನೋಡಿದರು. ಮನೆ ಸಿಕ್ಕಿತು. ನಾವು ಪಾಸಾದೆವು ಅಂತಲೇ ನಾನು ಬಹಳ ದಿನ ಹೆಮ್ಮೆಪಟ್ಟುಕೊಂಡಿದ್ದೆ. ಅಂಕಲ್ ಬರುವ ಮೊದಲೇ ಆಂಟಿ ನನ್ನ ಗಂಡನ ಕೈಯಿಂದ ಅಡ್ವಾನ್ಸ್ ಇಸಿದುಕೊಂಡಿದ್ದರು ಅನ್ನುವುದು ಆಮೇಲೆ ತಿಳಿಯಿತು.

ಅಂಕಲ್ ಕೆಲಸ ಮಾಡಿದ್ದು ಒಂದು ಸರ್ಕಾರಿ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿ. ಯಂತ್ರಗಳಿಂದ ಬಂದ ಬಿಡಿಭಾಗಗಳು ಇವರ ಮೇಜಿಗೆ ಬರುತ್ತಿದ್ದವು. ಇವರು ಅಳೆದು, ತಿರುಗಿಸಿ, ಉರುಳಿಸಿ ನೋಡಿ, ಸರಿಯಿದ್ದರೆ ಹಸಿರು ಬಣ್ಣದ ಚುಕ್ಕೆ, ಇಲ್ಲದಿದ್ದರೆ ಕೆಂಪು ಚುಕ್ಕೆ ಇಡುತ್ತಿದ್ದರು. ಇಡೀ ಸರ್ವೀಸಿನಲ್ಲಿ ಅವರು ಒಂದು ಮೊಳೆಯನ್ನೂ ತಯಾರಿಸಲಿಲ್ಲ. ತಯಾರಿಸುವವರ ನಿದ್ದೆ ಕೆಡಿಸಿದರು. ಕಾರ್ಖಾನೆ ಸೊರಗಿ, ಕೈಗಿಷ್ಟು ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸಿದಾಗ, ಇವರು ಹಸಿರು ಡಬ್ಬಿಯನ್ನು ಅಲ್ಲೇ ಬಿಟ್ಟು ಕೆಂಪು ಡಬ್ಬಿಯನ್ನು ಮಾತ್ರ ಮನೆಗೆ ತಂದರು ಅಂತ ಆಂಟಿ ತಮಾಷೆ ಮಾಡುತ್ತಿದ್ದರು. ಅದು ತಮಾಷೆಯಲ್ಲ. ನಾನೇ ಅವರ ಕಪಾಟಿನಲ್ಲಿ ನೋಡಿದ್ದೇನೆ, ಹಸಿರು ಡಬ್ಬಿ ಇರಲಿಲ್ಲ.

ಹೀಗಾಗಿ ಆ ಮನೆಯಲ್ಲಿ ಕೆಂಪು ಚುಕ್ಕೆ ಇಲ್ಲದ ವಸ್ತು ಅಪರೂಪ. ಸೋರುವ ಬಕೆಟ್ಟಿಗೆ, ಒಂದು ಕಡ್ಡಿ ಡೊಂಕಾದ ಕೊಡೆಗೆ, ಗೋಡೆಯಿಂದ ಕೂದಲೆಳೆಯಷ್ಟು ಮುಂದೆ ಬಂದ ಸ್ವಿಚ್ ಬೋರ್ಡಿಗೆ, ಎಲ್ಲಕ್ಕೂ ಚುಕ್ಕೆ. ಚುಕ್ಕೆ ಇಟ್ಟ ಮೇಲೆ ಅದನ್ನು ರಿಪೇರಿ ಮಾಡುವುದು ಅವರ ಕೆಲಸವಾಗಿರಲಿಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಬೇರೆ ವಿಭಾಗ ಇತ್ತು. ಮನೆಯಲ್ಲಿ ಆ ವಿಭಾಗ ಆಂಟಿ.

ಗೌರಿ ಹಬ್ಬದ ಹಿಂದಿನ ದಿನ ಬನಶಂಕರಿಗೆ ಗಣೇಶ ತರಲು ಹೋದ ಅಂಕಲ್ ಸಂಜೆ ಕತ್ತಲಾದ ಮೇಲೆ ಬರಿಗೈಯಲ್ಲಿ ಬಂದಿದ್ದರು. ಒಂದರ ಕಿವಿ ಇನ್ನೊಂದಕ್ಕಿಂತ ದೊಡ್ಡದು, ಒಂದು ಸ್ವಲ್ಪ ಎಡಕ್ಕೆ ವಾಲಿದೆ, ಇನ್ನೊಂದರ ಹೊಟ್ಟೆ ಗುಂಡಗಿಲ್ಲ. ಆಂಟಿ ಒಳಗೆ ಹೋಗಿ, ಬೆಳಿಗ್ಗೆಯೇ ತಂದು ಮುಚ್ಚಿಟ್ಟಿದ್ದ ಗಣೇಶನನ್ನು ಮಣೆಯ ಮೇಲೆ ಕೂರಿಸಿದರು. ಅದರ ಬೆನ್ನಿಗೆ ಆಮೇಲೆ ಕೆಂಪು ಚುಕ್ಕೆ ಬಿತ್ತೋ ಇಲ್ಲವೋ ನಾನು ನೋಡಲು ಹೋಗಲಿಲ್ಲ.

ಅವರ ಅತ್ತೆ, ಅಂದರೆ ಆಂಟಿಯ ತಾಯಿ, ಅಳಿಯ ಬಂದಾಗಲೆಲ್ಲ ತಾವೇ ಮುದ್ದೆ ಕಟ್ಟಿ ಬಡಿಸುತ್ತಿದ್ದರು. ಮದುವೆಯಾದಾಗಿನಿಂದ ಒಂದು ಸಲವೂ ಆ ಮುದ್ದೆ ಪಾಸಾಗಿರಲಿಲ್ಲ. ಒಮ್ಮೆ ಗಂಟು, ಒಮ್ಮೆ ಮೆತ್ತಗೆ, ಎಲ್ಲ ಸರಿಯಿದ್ದ ದಿನ ಆಕಾರ. ದೋಷವನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಎರಡು ಮುದ್ದೆ ಉಂಡು ಏಳುತ್ತಿದ್ದರಂತೆ.

"ನಡಿಯತ್ತೆ ಅನ್ನೋದು ಬೇರೆ, ಸರಿ ಇದೆ ಅನ್ನೋದು ಬೇರೆ ಕಣಮ್ಮ," ಅನ್ನುವುದು ಅವರು ನನಗೆ ದಿನಕ್ಕೊಮ್ಮೆ ಹೇಳುತ್ತಿದ್ದ ಮಾತು. ನಮ್ಮ ಕಡೆಯವರಿಗೆ ಇಂಥವರ ಮೇಲೆ ಸಿಟ್ಟು ಬೇಗ ಬರುತ್ತದೆ. ನನಗೂ ಬಂದಿತ್ತು. ಆದರೆ ನನ್ನ ಮಗಳು ಅಂಬೆಗಾಲಿಡಲು ಶುರು ಮಾಡಿದ ವಾರ, ಮಹಡಿ ಮೆಟ್ಟಿಲಿನ ಒಂದು ಕಂಬಿ ಅಲ್ಲಾಡುತ್ತದೆ ಅಂತ ಕಂಡುಹಿಡಿದು, ಚುಕ್ಕೆ ಇಟ್ಟು, ವೆಲ್ಡಿಂಗಿನವರನ್ನು ಕರೆತಂದು, ಕೆಲಸ ಮುಗಿಯುವವರೆಗೆ ಬಿಸಿಲಲ್ಲಿ ನಿಂತಿದ್ದು ಅವರೇ. ದಿನಾ ಹತ್ತಿಳಿಯುತ್ತಿದ್ದ ನಮ್ಮ ಕಣ್ಣಿಗೆ ಆ ಕಂಬಿ ಬಿದ್ದಿರಲಿಲ್ಲ. ಆಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಮನಸ್ಸು ಬರಲಿಲ್ಲ.

ಇನ್ನು ಕಾರಿನ ವಿಷಯ. ಅದು ಬಂದದ್ದು ಆಂಟಿಯ ಪಾಲಿನಿಂದ. ಆಂಟಿಯ ತವರು ಅರೆಕೆರೆ. ಅಲ್ಲಿಂದ ಪುಟ್ಟೇನಹಳ್ಳಿಯ ಕಡೆಗೆ ಅವರ ರಾಗಿ ಹೊಲ ಹರಡಿಕೊಂಡಿತ್ತು. ಬಡಾವಣೆಗಳು ಬಂದವು, ಅಣ್ಣತಮ್ಮಂದಿರು ಹೊಲ ಮಾರಿ, ಬಾಡಿಗೆ ಮನೆಗಳನ್ನು ಕಟ್ಟಿಸಿಕೊಂಡು ಸುಖವಾಗಿದ್ದರು. ಹೆಣ್ಣುಮಗಳ ಪಾಲು ಅಂತ ಆಂಟಿಗೂ ಒಂದಿಷ್ಟು ಕೊಟ್ಟರು. ಆಂಟಿ ಒಡವೆ ಮಾಡಿಸಲಿಲ್ಲ, ಸೈಟು ಕೊಳ್ಳಲಿಲ್ಲ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಸ್ಕೂಲಿಗೆ ಸೇರಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕಲಿತು, ಲೈಸೆನ್ಸ್ ಮಾಡಿಸಿಕೊಂಡು, ಬಿಳಿ ಬಣ್ಣದ ಹಳೆಯದೊಂದು ಅಂಬಾಸಿಡರ್ ತಂದು ಮನೆ ಮುಂದೆ ನಿಲ್ಲಿಸಿದರು. ಗಂಡ ಅದನ್ನು ಪರೀಕ್ಷೆ ಮಾಡುವ ಮೊದಲೇ ವ್ಯಾಪಾರ ಮುಗಿಸಿದ್ದರು ಅನ್ನುವುದನ್ನು ಗಮನಿಸಬೇಕು. ಗಣೇಶನ ಅನುಭವ ಅವರಿಗಿತ್ತಲ್ಲ.

ಕಾರು ಕೊಂಡದ್ದು ತಾಯಿಗೋಸ್ಕರ. ಆ ಅಜ್ಜಿಗೆ ಹೊಲ ಮಾರಿದ್ದು ಇಷ್ಟವಿರಲಿಲ್ಲ. ಮಾರಿದ ಮೇಲೆ ಅತ್ತ ಕಡೆ ಕಾಲಿಟ್ಟಿರಲಿಲ್ಲ. ಈಗ ಸಕ್ಕರೆ ಕಾಯಿಲೆಯಿಂದ ಕಣ್ಣು ಮಂಜಾಗಿತ್ತು. ಇದಕ್ಕೆ ಆಪರೇಷನ್ ಇಲ್ಲ, ಉಳಿದಿರುವ ದೃಷ್ಟಿಯೂ ಹೆಚ್ಚು ದಿನ ಉಳಿಯುವುದಿಲ್ಲ ಅಂತ ಡಾಕ್ಟರು ಹೇಳಿದ್ದರು. ಅದನ್ನು ಕೇಳಿದ ದಿನದಿಂದ ಅಜ್ಜಿ ಒಂದೇ ಆಸೆ ಹಿಡಿದು ಕೂತರು. ಕಣ್ಣು ಪೂರ್ತಿ ಹೋಗುವುದರೊಳಗೆ ತನ್ನ ಹೊಲದ ಮೇಲೆ ಯಾರ್ಯಾರು ಎಂಥೆಂಥ ಮನೆ ಕಟ್ಟಿಕೊಂಡಿದ್ದಾರೆ ನೋಡಬೇಕು. ಗಂಡುಮಕ್ಕಳ ಕಾರು ಬೇಡ, ಮಾರಿದವರು ಅವರೇ. ಆಟೋ ಕೂಡ ಬೇಡ.

"ಬಾಡಿಗೆ ಗಾಡೀಲಿ ನನ್ ಹೊಲ ನೋಡಕ್ಕೆ ನಾನ್ ಹೋಗಲ್ಲ. ನನ್ ಮಗಳ ಪಾಲಿನ ಗಾಡೀಲಿ ಕರ್ಕೊಂಡೋಗ್ಲಿ," ಅಂದಿದ್ದರು.

ಮಾರನೆಯ ಭಾನುವಾರ ಹೋಗುವುದು ಅಂತ ನಿಶ್ಚಯವಾಯಿತು. ಶನಿವಾರ ಅಂಕಲ್ ಕಾರಿನ ಬಾನೆಟ್ಟಿನ ಪಕ್ಕ ನಿಂತು, ಸ್ಟಾರ್ಟ್ ಮಾಡು ಅಂದರು. ಆಂಟಿ ಮಾಡಿದರು. ನನಗೆ ಕೇಳಿಸಿದ್ದು ಕಾರಿನ ಸದ್ದು. ಅವರಿಗೆ ಅದರೊಳಗೆ ಇನ್ನೊಂದು ಕೇಳಿಸಿತು, ಹೊಲಿಗೆ ಮಿಷನ್ನಿನ ಹಾಗೆ ಟಿಕ್ ಟಿಕ್ ಅನ್ನುವ ಸಣ್ಣ ಸದ್ದು. ಅಷ್ಟಲ್ಲದೆ ನಡುನಡುವೆ ಎಂಜಿನ್ನು ಒಂದು ಉಸಿರು ತಪ್ಪಿಸಿಕೊಂಡ ಹಾಗೆ ನಡುಗುತ್ತಿತ್ತು. ಗಾಡಿ ಹೊರಗೆ ಹೋಗಕೂಡದು ಎಂದರು. ಅರೆಕೆರೆ ಏನು ಮಹಾ ದೂರ, ನಿಧಾನಕ್ಕೆ ಹೋಗಿ ಬರುತ್ತೇನೆ ಅಂತ ಆಂಟಿ ವಾದ ಮಾಡಿದರು. ದಾರಿಯಲ್ಲಿ ಕೆಟ್ಟು ನಿಂತರೆ ಕಣ್ಣು ಕಾಣದ ಅತ್ತೆಯನ್ನು ಬನ್ನೇರುಘಟ್ಟ ರಸ್ತೆಯ ಲಾರಿಗಳ ನಡುವೆ ಇಳಿಸುತ್ತೀಯಾ ಅಂತ ಅವರು ಕೇಳಿದರು. ಆಂಟಿ ಎಂಜಿನ್ನು ಆರಿಸಿ ಕೆಳಗಿಳಿದರು.

ಮರುದಿನ ಅಂಕಲ್ ನನ್ನನ್ನು ಸಹಾಯಕ್ಕೆ ಕರೆದರು. ಒಂದು ರಟ್ಟಿನಲ್ಲಿ ಎಂಟು ತೂತು ಕೊರೆದು, ಒಂದರಿಂದ ಎಂಟರವರೆಗೆ ಅಂಕಿ ಬರೆದು ನನ್ನ ಕೈಗೆ ಕೊಟ್ಟರು. ಎಂಜಿನ್ನಿನ ಮೇಲಿನ ಮುಚ್ಚಳ ತೆಗೆದು, ಒಳಗಿನ ಎಣ್ಣೆ ಹತ್ತಿದ ಲೋಕವನ್ನು ತೋರಿಸಿದರು. ಕೆಳಗೆ ಒಂದು ದಂಡ ತಿರುಗುತ್ತದೆ. ಅದರ ಉಬ್ಬು ಮೇಲೆ ಬಂದಾಗ ಈ ಉದ್ದನೆಯ ಉಕ್ಕಿನ ಕಡ್ಡಿಯನ್ನು ತಳ್ಳುತ್ತದೆ, ಅದೇ ಪುಶ್ ರಾಡು. ಕಡ್ಡಿ ಮೇಲೆ ಹೋಗಿ ಏತದ ಹಾಗೆ ತೂಗುವ ರಾಕರನ್ನು ಒತ್ತುತ್ತದೆ, ರಾಕರು ವಾಲ್ವನ್ನು ತೆರೆಯುತ್ತದೆ. ಕಡ್ಡಿ ಬಗ್ಗಿದರೆ ಒತ್ತಬೇಕಾದಷ್ಟು ಒತ್ತುವುದಿಲ್ಲ, ವಾಲ್ವು ತೆರೆಯಬೇಕಾದಷ್ಟು ತೆರೆಯುವುದಿಲ್ಲ, ಎಂಜಿನ್ನು ಉಸಿರು ತಪ್ಪುತ್ತದೆ. ಇಷ್ಟನ್ನೂ ಅವರು ಒಂದು ಸಂಸಾರದ ಕಥೆ ಹೇಳುವ ಹಾಗೆ ಹೇಳಿದರು. ಕಡ್ಡಿಗಳನ್ನು ಒಂದೊಂದಾಗಿ ತೆಗೆದರು. ಎಳೆಯುವ ಮೊದಲು ಒಮ್ಮೆ ತಿರುವಬೇಕು, ಇಲ್ಲದಿದ್ದರೆ ಅದರ ಬುಡ ಕೂರುವ ಟ್ಯಾಪೆಟ್ಟೆಂಬ ಬಟ್ಟಲೂ ಎಣ್ಣೆಯ ಅಂಟಿಗೆ ಜೊತೆಯಲ್ಲೇ ಎದ್ದು ಬರುತ್ತದೆ ಎಂದರು. ತೆಗೆದದ್ದನ್ನು ನಾನು ಆಯಾ ಅಂಕಿಯ ತೂತಿಗೆ ಸಿಕ್ಕಿಸಿದೆ. ಯಾವುದು ಎಲ್ಲಿತ್ತೋ ಅಲ್ಲಿಗೇ ಹೋಗಬೇಕು, ಅಷ್ಟು ವರ್ಷ ಒಟ್ಟಿಗೆ ಸವೆದವನ್ನು ಅಗಲಿಸಬಾರದಂತೆ.

ಆಮೇಲೆ ನಡುಮನೆಗೆ ಬಂದು, ಊಟದ ಮೇಜಿನ ಗಾಜಿನ ಮೇಲೆ ಒಂದೊಂದನ್ನೇ ಉರುಳಿಸಿದರು. ಕಾರ್ಖಾನೆಯಲ್ಲಿ ಇದಕ್ಕೆಂದೇ ಕಬ್ಬಿಣದ ಸಮತಟ್ಟಾದ ಹಲಗೆ ಇತ್ತು, ಮನೆಯಲ್ಲಿ ಮೇಜಿನ ಗಾಜು. ನೆಟ್ಟಗಿದ್ದ ಕಡ್ಡಿಗಳು ಸದ್ದಿಲ್ಲದೆ ಉರುಳಿ ಹೋದವು. ಮೂರನೆಯದು ಕುಣಿಯುತ್ತಾ ಹೋಯಿತು, ಅದು ಬಗ್ಗಿದ್ದು ನನಗೇ ಕಂಡಿತು. ಆರನೆಯದು ನೆಟ್ಟಗೇ ಇತ್ತು, ಆದರೆ ತುದಿಯ ಗುಂಡು ಸವೆದು ಚಪ್ಪಟೆಯಾಗಿತ್ತು. ಉಳಿದ ಆರು ಪಾಸು. ಹಿಂದಿನ ಮಾಲೀಕರು ಬಹಳ ಕಾಲ ಓಡಿಸದೆ ನಿಲ್ಲಿಸಿದ್ದಾಗ ಒಂದು ವಾಲ್ವು ಕಚ್ಚಿಕೊಂಡು, ಸ್ಟಾರ್ಟ್ ಮಾಡಿದ ಏಟಿಗೆ ಕಡ್ಡಿ ಬಗ್ಗಿರಬೇಕು ಎಂದು ವಿವರಿಸಿದರು. ಆ ವಾಲ್ವನ್ನು ಸಡಿಲಿಸಿ ಎಣ್ಣೆ ಬಿಟ್ಟು ಆಡಿಸಿದರು. ಪತ್ತೆ ಹಚ್ಚುವುದರಲ್ಲಿ ಅವರದ್ದು ಒಂದು ತಪ್ಪೂ ಇರಲಿಲ್ಲ, ಅದನ್ನು ಹೇಳಲೇಬೇಕು. ಎರಡು ಹೊಸ ಪುಶ್ ರಾಡು ತಂದು ಹಾಕಿದರೆ ಮುಗಿಯಿತು.

ಅದೇ ವಾರ ಕಾರ್ಖಾನೆಯಿಂದ ಬೀಳ್ಕೊಡುಗೆಯ ಗ್ರೂಪ್ ಫೋಟೋ ಬಂತು. ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ ಅಂಕಲ್, ಕೊರಳಲ್ಲಿ ಹಾರ, ಕೆಳಗೆ ಎಲ್ಲರ ಹೆಸರು. ದಪ್ಪ ರಟ್ಟಿಗೆ ಅಂಟಿಸಿದ ದೊಡ್ಡ ಫೋಟೋ. ಅವರಿಗೆ ಅದರ ಮೇಲೆ ಎಷ್ಟು ಪ್ರೀತಿ ಎಂದರೆ ಅದರಲ್ಲಿ ಒಂದೇ ಒಂದು ದೋಷ ಹುಡುಕಿದರು. ಕಟ್ಟು ಹಾಕಿಸಲು ಜಯನಗರಕ್ಕೆ ಹೋದರು. ಕಟ್ಟು ಹಾಕುವವರು ಕೊಟ್ಟ ಚೌಕಟ್ಟಿನ ನಾಲ್ಕು ಮೂಲೆಗಳಲ್ಲಿ ಒಂದು ಸರಿಯಾಗಿ ಕೂಡಿರಲಿಲ್ಲ. ಅದನ್ನು ಅಲ್ಲೇ ಬಿಟ್ಟು, ಫೋಟೋವನ್ನು ವಾಪಸು ತಂದು, ಎಲ್ಲ ಮನೆಗಳಲ್ಲಿ ಮಾಡುವ ಹಾಗೆ ಊಟದ ಮೇಜಿನ ಗಾಜಿನ ಕೆಳಗೆ, ಮಕ್ಕಳ ಮದುವೆ ಫೋಟೋ, ಹಳೆಯ ಕ್ಯಾಲೆಂಡರಿನ ದೇವರ ಪಟಗಳ ಮೇಲೆ ಇಟ್ಟರು. ಊಟ ಮಾಡುವಾಗ ಕಾಣಿಸುತ್ತದೆ, ಇನ್ನೇನು ಬೇಕು ಎಂದರು.

ಜೆ.ಸಿ. ರಸ್ತೆಯ ಅಂಗಡಿಯಿಂದ ಪುಶ್ ರಾಡು ತಂದರು. ಅಂಗಡಿಯ ಗಾಜಿನ ಕೌಂಟರಿನ ಮೇಲೆ ಉರುಳಿಸಿಯೇ ಆರಿಸಿ ತಂದದ್ದು. ಮನೆಗೆ ತಂದು ಮೇಜಿನ ಮೇಲೆ ಉರುಳಿಸಿದರೆ ಎರಡೂ ಕುಣಿದವು. ಕಡ್ಡಿಯ ಕೆಳಗೆ ಬೆಳಕು ಕಾಣುತ್ತಿತ್ತು. ಚುಕ್ಕೆ ಇಟ್ಟರು. ಅಂಗಡಿಯಲ್ಲಿ ಒಳ್ಳೆಯದು ತೋರಿಸಿ ಕಟ್ಟುವಾಗ ಬದಲಾಯಿಸಿದ್ದಾರೆ ಎಂದು ತೀರ್ಮಾನಿಸಿ, ಮತ್ತೆ ಹೋಗಿ ಜಗಳವಾಡಿದರು. ಬಣ್ಣ ಬಳಿದ ಮಾಲು ವಾಪಸು ತೆಗೆದುಕೊಳ್ಳುವುದಿಲ್ಲ ಎಂದರಂತೆ. ಇನ್ನೊಂದು ಅಂಗಡಿ. ಅವೂ ಕುಣಿದವು. ಕಲಾಸಿಪಾಳ್ಯದ ಅಂಗಡಿಗಳೂ ಆದವು. ಕೆಂಪು ಚುಕ್ಕೆಯ ಪುಶ್ ರಾಡುಗಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ತುಂಬತೊಡಗಿದವು. ಕಾರು ಬಾನೆಟ್ ತೆರೆದುಕೊಂಡು, ಮೇಲೆ ಹಳೆಯ ಬೆಡ್‌ಶೀಟ್ ಹೊದ್ದು, ತಿಂಗಳುಗಟ್ಟಲೆ ಹಾಗೇ ನಿಂತಿತು.

ಅವರಿಗೆ ಇದರಿಂದ ದುಃಖವಾಯಿತು ಅಂತ ಹೇಳಿದರೆ ಸುಳ್ಳಾಗುತ್ತದೆ. ತಾನು ಮೇಜು ಬಿಟ್ಟು ಬಂದ ಮೇಲೆ ದೇಶದ ತಯಾರಿಕೆ ಹಾಳಾಗಿ ಹೋಗಿದೆ ಎನ್ನುವುದಕ್ಕೆ ಡಬ್ಬಿ ತುಂಬ ಸಾಕ್ಷಿ ಸಿಕ್ಕಿತ್ತು. ಬಂದವರಿಗೆಲ್ಲ ತೆರೆದು ತೋರಿಸುತ್ತಿದ್ದರು. ನನಗೂ ಹಲವು ಸಲ ತೋರಿಸಿದರು, ಮೇಜಿನ ಮೇಲೆ ಉರುಳಿಸಿ. ನಾನೂ ನೋಡಿ, ಹೌದಲ್ರಿ ಅಂಕಲ್, ಕುಣೀತಾವ್ರಿ ಅಂತ ತಲೆಯಾಡಿಸಿದೆ. ಫೋಟೋದಲ್ಲಿ ಹಾರ ಹಾಕಿಕೊಂಡ ಅಂಕಲ್ ಗಾಜಿನ ಕೆಳಗಿನಿಂದ ನಮ್ಮನ್ನು ನೋಡುತ್ತಿದ್ದರು. ನಮ್ಮಿಬ್ಬರಿಗೂ ಏನೂ ಹೊಳೆಯಲಿಲ್ಲ. ನನಗೆ ಹೊಳೆಯದ್ದು ಸಹಜ. ಅವರಿಗೆ ಹೊಳೆಯದ್ದಕ್ಕೂ ಕಾರಣವಿತ್ತು. ಕಾರ್ಖಾನೆಯಲ್ಲಿ ಆ ಕಬ್ಬಿಣದ ಹಲಗೆ ಸಮವಾಗಿದೆಯೇ ಎಂದು ನೋಡುವವರು ಬೇರೆ ಇದ್ದರು. ಇವರು ಹಲಗೆಯ ಮೇಲಿದ್ದದ್ದನ್ನು ಮಾತ್ರ ಅನುಮಾನಿಸಬೇಕಿತ್ತು, ಇಡೀ ಸರ್ವೀಸು ಅಷ್ಟನ್ನೇ ಮಾಡಿದ್ದರು.

ಆಂಟಿ ದಿನ ಬಿಟ್ಟು ದಿನ ಬಸ್ಸಿನಲ್ಲಿ ಅರೆಕೆರೆಗೆ ಹೋಗಿ ಬರುತ್ತಿದ್ದರು. ಹೋದಾಗಲೆಲ್ಲ ಅಜ್ಜಿ, ಗಾಡಿ ರೆಡಿ ಆಯ್ತಾ ಅಂತ ಕೇಳುತ್ತಿದ್ದರಂತೆ. ಮೊದಲು ಮಗಳ ಮುಖ ನೋಡಿ ಕೇಳುತ್ತಿದ್ದವರು, ಬರಬರುತ್ತಾ ಮಗಳ ದನಿ ಬಂದ ಕಡೆ ತಿರುಗಿ ಕೇಳತೊಡಗಿದರು. ಆಂಟಿ ಮನೆಗೆ ಬಂದು ಇದನ್ನು ನನಗೆ ಹೇಳುವಾಗ, ಒಳಗಿನಿಂದ ಪುಶ್ ರಾಡು ಉರುಳುವ ಸದ್ದು ಕೇಳಿಸುತ್ತಿತ್ತು.

ಒಂದು ದಿನ ಅಂಕಲ್ ಇಲ್ಲದ ಹೊತ್ತು ನೋಡಿ ನಾನೂ ಆಂಟಿಯೂ ಸೇರಿ ಹನುಮಂತನಗರದಿಂದ ಒಬ್ಬ ಮೆಕ್ಯಾನಿಕ್ಕನನ್ನು ಕರೆತಂದೆವು. ಅವನು ಡಬ್ಬಿಯಿಂದ ಕೈಗೆ ಸಿಕ್ಕ ಎರಡು ಕಡ್ಡಿ ತೆಗೆದು, ನೋಡದೆಯೇ, ಏನೂ ಆಗಿಲ್ಲ ಮೇಡಂ ಹಾಕ್ಬಿಡಣ ಎಂದ. ನಮಗೆ ಧೈರ್ಯ ಬಂತು. ಆದರೆ ಅವನು ಅದೇ ಉಸಿರಿನಲ್ಲಿ, ಬಗ್ಗಿದ ಹಳೆಯ ಕಡ್ಡಿಯನ್ನೂ ಕಲ್ಲಿನ ಮೇಲಿಟ್ಟು ಎರಡು ಏಟು ಹೊಡೆದರೆ ಅದೂ ಓಡುತ್ತದೆ, ಬ್ರೇಕು ಸ್ವಲ್ಪ ಕಮ್ಮಿ ಇದೆ ಅದೂ ಪರವಾಗಿಲ್ಲ ಎಂದ. ಅವನಿಗೆ ಪಾಸಾಗದ ವಸ್ತು ಈ ಲೋಕದಲ್ಲಿ ಇರಲಿಲ್ಲ. ಒಂದನ್ನೂ ಪಾಸು ಮಾಡದವರಿಂದ ತಪ್ಪಿಸಿಕೊಂಡು ಎಲ್ಲವನ್ನೂ ಪಾಸು ಮಾಡುವವನ ಕೈಗೆ ಬಿದ್ದಿದ್ದೆವು. ಅಷ್ಟರಲ್ಲಿ ಅಂಕಲ್ ಬಂದರು. ಬ್ರೇಕಿನ ಮಾತು ಕಿವಿಗೆ ಬಿದ್ದಿತ್ತು. ಮೆಕ್ಯಾನಿಕ್ ಹೋದ. ಆಂಟಿ ಅಂದು ರಾತ್ರಿ ಊಟ ಮಾಡಲಿಲ್ಲ ಎಂದು ಆಮೇಲೆ ತಿಳಿಯಿತು.

ಆ ಮೇಜಿನ ಗಾಜಿನ ಕೆಳಗೆ, ಎಲ್ಲದರ ಅಡಿಯಲ್ಲಿ, ಅಜ್ಜಿಯ ಒಂದು ಫೋಟೋ ಇತ್ತು. ತೆನೆ ಬಿಟ್ಟ ರಾಗಿ 	ಹೊಲದಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ ಫೋಟೋ, ಅಂಗೈಯಷ್ಟು ಚಿಕ್ಕದು. ಹೊಲ ತೋರಿಸಲಂತೂ ಆಗಲಿಲ್ಲ, ಇದನ್ನಾದರೂ ದೊಡ್ಡದು ಮಾಡಿಸಿ ಕೊಟ್ಟರೆ ಮಂಜುಮಂಜಾಗಿಯಾದರೂ ಕಾಣಿಸೀತು ಅಂತ ಆಂಟಿಗೆ ಅನ್ನಿಸಿತು. ನಾವಿಬ್ಬರೂ ಗಾಜು ಎತ್ತಿದೆವು. ಮೇಲಿದ್ದ ಗ್ರೂಪ್ ಫೋಟೋ ತೆಗೆದು ಷೋಕೇಸಿನ ಮೇಲಿಟ್ಟು, ಅಜ್ಜಿಯ ಫೋಟೋ ತೆಗೆದುಕೊಂಡು ಗಾಜು ಮುಚ್ಚಿದೆವು. ಆಂಟಿ ಅದನ್ನು ಸ್ಟುಡಿಯೋಗೆ ಕೊಟ್ಟು, ದಿನಪತ್ರಿಕೆಯಷ್ಟು ದೊಡ್ಡದು ಮಾಡಿಸಿಕೊಂಡು ಅರೆಕೆರೆಗೆ ಹೋದರು. ಬಂದವರು ನೇರ ಕೋಣೆಗೆ ಹೋಗಿ ಮಲಗಿಬಿಟ್ಟರು.

ಮರುದಿನ ಬೆಳಿಗ್ಗೆ ಕೆಳಗಿನಿಂದ ಅಂಕಲ್ ನನ್ನನ್ನು ಕೂಗಿದರು. ಆ ದನಿಯಲ್ಲಿ ಅಂಥ ಸಂತೋಷವನ್ನು ನಾನು ಕೇಳಿರಲಿಲ್ಲ. ಹೊಸದಾಗಿ ತಂದ ಎರಡು ಪುಶ್ ರಾಡುಗಳು ಪಾಸಾಗಿದ್ದವು. ಉರುಳಿಸಿ ತೋರಿಸಿದರು, ಬೆಣ್ಣೆಯ ಮೇಲೆ ಜಾರಿದ ಹಾಗೆ ಹೋದವು. ಕೊನೆಗೂ ಯಾರೋ ಒಬ್ಬ ನಿಯತ್ತಿನ ಕೆಲಸಗಾರ ಈ ದೇಶದಲ್ಲಿ ಉಳಿದಿದ್ದಾನೆ ಎಂದರು. ಆಂಟಿ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಏನು ವ್ಯತ್ಯಾಸ ನೋಡಮ್ಮ ಅನ್ನುತ್ತಾ ಅಂಕಲ್ ಬಿಸ್ಕತ್ತಿನ ಡಬ್ಬಿಯಿಂದ ಕೆಂಪು ಚುಕ್ಕೆಯದೊಂದನ್ನು ತೆಗೆದು ಉರುಳಿಸಿದರು.

ಅದೂ ನೆಟ್ಟಗೆ ಹೋಯಿತು.

ಇನ್ನೊಂದು ತೆಗೆದರು. ಅದೂ ಹೋಯಿತು. ಮತ್ತೊಂದು. ಡಬ್ಬಿ ಖಾಲಿಯಾಗುವವರೆಗೆ ಉರುಳಿಸಿದರು. ಮೇಜನ್ನು ಯಾರು ಮುಟ್ಟಿದ್ದು ಎಂದು ಕೇಳಿದರು. ಅಜ್ಜಿಯ ಫೋಟೋ ತೆಗೆದ ವಿಷಯ ನಾನು ಹೇಳಿದೆ. ಅವರ ಕಣ್ಣು ಷೋಕೇಸಿನ ಮೇಲಿದ್ದ ಗ್ರೂಪ್ ಫೋಟೋದ ಕಡೆ ಹೋಯಿತು. ಎದ್ದು ಹೋಗಿ, ಅದರ ರಟ್ಟಿನ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ಅದರ ದಪ್ಪ ನೋಡಿದರು. ನನ್ನ ಕೈಯಲ್ಲಿ ಗಾಜಿನ ಒಂದು ತುದಿ ಎತ್ತಿಸಿ, ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, ಅದೇ ಪುಶ್ ರಾಡು ಉರುಳಿಸಿದರು. ಕುಣಿಯಿತು. ಫೋಟೋ ತೆಗೆದು ಉರುಳಿಸಿದರು. ಕುಣಿಯಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ನಿಲ್ಲಿಸಿ, ಹೊಸ ಕಡ್ಡಿ ಪಾಸಾಯಿತು ಅನ್ನುವುದನ್ನೇ ಹಿಡಿದುಕೊಂಡು ಮರ್ಯಾದೆ ಉಳಿಸಿಕೊಳ್ಳುತ್ತಿದ್ದರು. ಅವರು ಫೋಟೋವನ್ನು ಇನ್ನೊಮ್ಮೆ ಇಟ್ಟು, ಇನ್ನೊಮ್ಮೆ ತೆಗೆದು, ಅನುಮಾನವೇ ಉಳಿಯದ ಹಾಗೆ ತಮ್ಮ ತಪ್ಪನ್ನು ಸಾಬೀತು ಮಾಡಿದರು. ಮಧ್ಯದ ಕುರ್ಚಿಯಲ್ಲಿ ಹಾರ ಹಾಕಿಕೊಂಡು ಕೂತಿದ್ದವರೇ ಗಾಜನ್ನು ಕೆಳಗಿನಿಂದ ಎತ್ತಿ ಹಿಡಿದು ನಡುವೆ ಉಬ್ಬಿಸಿದ್ದರು. ಅದನ್ನು ನೋಡಿ ನನಗೆ ನಗು ಬರಬೇಕಿತ್ತು, ಬರಲಿಲ್ಲ.

"ಕಡ್ಡಿ ಎಲ್ಲಾ ಮೊದಲಿಂದ ಸರಿಯಾಗೇ ಇತ್ತು ಕಣೇ," ಎಂದರು ಹೆಂಡತಿಗೆ. "ನನ್ನ ಗಾಜು ಸರಿ ಇರ್ಲಿಲ್ಲ."

ಆಂಟಿ ಸೆರಗಿಗೆ ಕೈ ಒರೆಸಿಕೊಂಡರು. ಬಯ್ಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿತ್ತು.

"ನಿನ್ನೆ ಅಮ್ಮ ಆ ದೊಡ್ಡ ಫೋಟೋನ ತೊಡೆ ಮೇಲೆ ಇಟ್ಕೊಂಡು, ಇದು ಯಾರದು ಅಂತ ಕೇಳಿದ್ಲು," ಎಂದರು. ಮತ್ತೆ ಒಳಗೆ ಹೋಗಿ ಒಲೆ ಸಣ್ಣ ಮಾಡಿದರು.

ಅಂಕಲ್ ಆ ದಿನವೆಲ್ಲ ಕಾರಿನೊಳಗೆ ಬಾಗಿಕೊಂಡಿದ್ದರು. ಎರಡು ಪುಶ್ ರಾಡುಗಳಿಗೂ ಎಣ್ಣೆ ಹಚ್ಚಿ ಇಳಿಸಿ, ಎಂಟಕ್ಕೆ ಎಂಟನ್ನೂ ಅವುಗಳ ಜಾಗದಲ್ಲಿ ಕೂರಿಸಿ, ರಾಕರುಗಳನ್ನು ಬಿಗಿದು, ಫೀಲರ್ ಗೇಜಿನ ತೆಳು ಪಟ್ಟಿಯನ್ನು ಒಂದೊಂದರ ಸಂದಿಯಲ್ಲೂ ತೂರಿಸಿ ನೋಡಿ ಸರಿಪಡಿಸಿದರು. ಬ್ರೇಕನ್ನೂ ಬಿಡಲಿಲ್ಲ. ಊಟಕ್ಕೆ ಕರೆದರೆ ಬರಲಿಲ್ಲ. ತಪ್ಪು ಹುಡುಕುವುದು ಬಿಟ್ಟು ಒಂದು ವಸ್ತುವನ್ನು ತಾವೇ ಕೈಯಾರೆ ಸರಿ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಂಜೆ ಸ್ಟಾರ್ಟ್ ಮಾಡಿದಾಗ ಆ ಹಳೆಯ ಎಂಜಿನ್ನಿನಲ್ಲಿ ಟಿಕ್ ಟಿಕ್ ಇರಲಿಲ್ಲ, ನಡುಕವೂ ಇರಲಿಲ್ಲ. ಅವರು ಕಿವಿಗೊಟ್ಟು ಕೇಳಿ, ಬಾನೆಟ್ ಮುಚ್ಚಿದರು.

ಅಜ್ಜಿಗೆ ಕಣ್ಣೇ ಕಾಣದ ಮೇಲೆ ಇನ್ನು ಹೋಗಿ ಏನು ಪ್ರಯೋಜನ ಅಂತ ನಾವ್ಯಾರೂ ಬಾಯಿಬಿಟ್ಟು ಕೇಳಲಿಲ್ಲ. ಆಂಟಿ ಕರೆದುಕೊಂಡು ಹೋಗುವುದು ಎಂದು ತೀರ್ಮಾನಿಸಿದ್ದರು, ಹೋದೆವು. ಅರೆಕೆರೆಯಲ್ಲಿ ಅಜ್ಜಿ ಒಳ್ಳೆಯ ಸೀರೆ ಉಟ್ಟು, ಬಾಗಿಲಲ್ಲೇ ಕಾದಿದ್ದರು. ಕಾರಿನ ಬಾಗಿಲನ್ನು ಮುಟ್ಟಿ, ಸೀಟನ್ನು ಸವರಿ ನೋಡಿ ಹಿಂದೆ ಕೂತರು. ಪಕ್ಕದಲ್ಲಿ ಅಂಕಲ್. ಮುಂದೆ ಆಂಟಿಯ ಪಕ್ಕ ನಾನು. ಆಂಟಿ ಊರ ಬೀದಿಗಳನ್ನು ದಾಟಿ, ಪುಟ್ಟೇನಹಳ್ಳಿಯ ಕಡೆಗೆ ತಿರುಗಿಸಿ, ಹಿಂದೆ ತಮ್ಮ ಹೊಲ ಶುರುವಾಗುತ್ತಿದ್ದ ಕಡೆ ಗಾಡಿ ನಿಲ್ಲಿಸಿದರು. ಬಂತು ಅಮ್ಮ ಎಂದರು. ದನಿ ಸರಿಯಿರಲಿಲ್ಲ.

ಅಜ್ಜಿ ಕಿಟಕಿಯ ಕಡೆ ಮುಖ ಮಾಡಿ ಸ್ವಲ್ಪ ಹೊತ್ತು ಕೂತರು. ಆಮೇಲೆ ಅಳಿಯನ ಕಡೆ ತಿರುಗಿದರು.

"ನನ್ ಮಗಳು ನನ್ ಮನಸ್ಸಿಗೆ ನೋವಾಗ್ದಿರ್ಲಿ ಅಂತ ಎಲ್ಲಾ ಚೆಂದಾಗೈತೆ ಅಂತಾಳೆ. ನೀವ್ ಹೇಳಿ ಅಳಿಯಂದ್ರೇ. ನೀವು ಇದ್ದಿದ್ ಇದ್ದಂಗೆ ಹೇಳೋರು."

ನಾನು ಹೊರಗೆ ನೋಡಿದೆ. ಸಾಲಿನ ಮೊದಲನೆಯ ಮನೆಗೆ ಗಾರೆ ಇಲ್ಲ, ಇಟ್ಟಿಗೆಗಳು ಹಲ್ಲು ಕಿರಿದಿದ್ದವು. ಎರಡನೆಯದರ ಮೇಲಂತಸ್ತು ರಸ್ತೆಯ ಮೇಲಕ್ಕೆ ಚಾಚಿಕೊಂಡು ಎದುರು ಮನೆಯ ಮೇಲಂತಸ್ತನ್ನು ಮುಟ್ಟಲು ಹೊರಟಿತ್ತು. ಅದರ ಗೋಡೆಯಲ್ಲಿ ತಾರಸಿಯಿಂದ ಕಿಟಕಿಯವರೆಗೆ ಬಿರುಕು. ಚರಂಡಿ ಬಾಯಿ ತೆರೆದುಕೊಂಡಿತ್ತು. ವಿದ್ಯುತ್ ಕಂಬವೂ ಒಂದು ಕಡೆ ವಾಲಿತ್ತು. ಖಾಲಿ ಉಳಿದ ಒಂದು ಸೈಟಿನಲ್ಲಿ ಕಸದ ರಾಶಿ. ಅಂಕಲ್ ಜೀವಮಾನವಿಡೀ ಹುಡುಕಿದ ಎಲ್ಲ ದೋಷಗಳೂ ಒಂದೇ ಬೀದಿಯಲ್ಲಿ ಸಾಲಾಗಿ ನಿಂತಿದ್ದವು. ಅವರು ಒಂದೊಂದನ್ನೂ ನೋಡಿದರು. ಅವರ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ, ಅದು ನನಗೆ ಗೊತ್ತು.

"ಸಾಲಾಗಿ ಮನೆ ಕಟ್ಟಿದ್ದಾರೆ ಅತ್ತೆ," ಎಂದರು. "ಎಲ್ಲಾ ನೆಟ್ಟಗಿದೆ."

ಬಿರುಕು ಏನಾದರೂ ಬಿಟ್ಟಿದೆಯೇ ಎಂದು ಅಜ್ಜಿ ಕೇಳಿದರು. ಒಂದೂ ಇಲ್ಲ ಎಂದರು. ನೀರು ಹೋಗಲು ದಾರಿ ಮಾಡಿದ್ದಾರೆಯೇ, ಮಳೆ ಬಂದರೆ ಆ ಮೂಲೆಯಲ್ಲಿ ನಿಲ್ಲುತ್ತಿತ್ತು ಎಂದರು ಅಜ್ಜಿ. ಚರಂಡಿ ಕಟ್ಟಿ ಕಲ್ಲು ಮುಚ್ಚಿದ್ದಾರೆ ಎಂದರು. ಗಿಡಮರ ಹಾಕಿದ್ದಾರಾ ಎಂದರೆ, ಮನೆ ಮುಂದೆಲ್ಲ ಹಾಕಿದ್ದಾರೆ ಎಂದರು. ಒಂದೊಂದು ಪ್ರಶ್ನೆಗೂ, ಅಳೆದು ನೋಡಿದವರ ಹಾಗೆ ಸ್ವಲ್ಪ ತಡೆದು, ಉತ್ತರ ಕೊಟ್ಟರು. ಆಂಟಿ ಸ್ಟೇರಿಂಗನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದು ಮುಂದೆ ನೋಡುತ್ತಿದ್ದರು.

ಅಜ್ಜಿ ಸೀಟಿಗೆ ಒರಗಿದರು.

"ನನ್ ಮುದ್ದೇನೇ ಒಂದಿನ ಚೆಂದಾಗೈತೆ ಅಂದೋರಲ್ಲ ನೀವು. ನೀವೇ ಹಿಂಗಂತೀರ ಅಂದ್ಮೇಲೆ ಚೆಂದಾಗೇ ಕಟ್ಟವ್ರೆ ಬುಡಿ. ನಮ್ ಮಣ್ಣು ದಂಡ ಆಗ್ಲಿಲ್ಲ," ಎಂದರು. ಇನ್ನು ಮನೆಗೆ ಹೋಗೋಣ ಎಂದು ಮಗಳಿಗೆ ಹೇಳಿದರು.

ಆಂಟಿ ಗಾಡಿ ತಿರುಗಿಸಿದರು. ಎಂಜಿನ್ನು ಎಷ್ಟು ನಯವಾಗಿ ಓಡುತ್ತಿತ್ತು ಎಂದರೆ, ಹಿಂದಿನ ಸೀಟಿನಲ್ಲಿ ಅಂಕಲ್ ಅಳುತ್ತಿದ್ದದ್ದು ಮುಂದೆ ಕೂತ ನಮಗೂ ಕೇಳಿಸುತ್ತಿತ್ತು. ಅವರಿಗೆ ಅಂಟಿಕೊಂಡೇ ಕೂತಿದ್ದ ಅಜ್ಜಿ ಮಾತ್ರ, ಕಣ್ಣಿನ ಜೊತೆ ಕಿವಿಯೂ ಹೋದವರ ಹಾಗೆ, ಅರೆಕೆರೆ ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.